‘ಅಮೇಡಿಯಸ್’ ಸಿನಿಮಾಕ್ಕೂ ಮೊದಲಿದ್ದ ನಾಟಕ: ತೆರೆಗೆ ಬರುವಾಗ ಏನು ಹೋಯಿತು, ಏನು ಬಂತು?

ರಂಗಶಂಖ

ಮೊನ್ನೆ ಇನ್ನೊಂದು ಚರ್ಚೆಯಲ್ಲಿ ಯಾರೋ ‘ಅಮೇಡಿಯಸ್ ಅಂದರೆ ನಾಟಕದ ಮುಂದೆ ಕ್ಯಾಮೆರಾ ಇಟ್ಟು ತೆಗೆದ ಸಿನಿಮಾ’ ಎಂದು ಬರೆದಿದ್ದರು. ಅಲ್ಲೇ ಉತ್ತರ ಬರೆಯಲು ಕೂತೆ, ಉದ್ದವಾಯಿತು. ಹಾಗಾಗಿ ಬೇರೆ ಚರ್ಚೆಯನ್ನೇ ಶುರುಮಾಡುತ್ತಿದ್ದೇನೆ.

ಆ ಸಿನಿಮಾ ನೋಡಿದವರಿಗೆ ಮೊದಲು ನೆನಪಾಗುವ ದೃಶ್ಯ ಯಾವುದು? ಹಾಸಿಗೆ ಹಿಡಿದ ಸಂಗೀತಕಾರ ಮೊಜಾರ್ಟ್ ತನ್ನ ರೆಕ್ವಿಯಮ್‌ನ (ಸತ್ತವರಿಗಾಗಿ ಹಾಡುವ ಪ್ರಾರ್ಥನಾ ಸಂಗೀತ) ಒಂದೊಂದೇ ಪದರವನ್ನು ಬಾಯಲ್ಲಿ ಹೇಳುತ್ತಾ ಹೋಗುತ್ತಾನೆ. ಅವನನ್ನು ಮುಗಿಸಲೆಂದೇ ಹೊಂಚುಹಾಕಿದ್ದ ವಿಯೆನ್ನಾ ಆಸ್ಥಾನದ ಸಂಗೀತಕಾರ ಸಾಲಿಯೇರಿ ಪಕ್ಕದಲ್ಲಿ ಕೂತು ಗಡಿಬಿಡಿಯಲ್ಲಿ ಬರೆದುಕೊಳ್ಳುತ್ತಾನೆ. ಆ ದೃಶ್ಯ ನಾಟಕದಲ್ಲಿ ಇಲ್ಲವೇ ಇಲ್ಲ. ಸಿನಿಮಾಕ್ಕೆಂದೇ ಹುಟ್ಟಿದ್ದು. ಬರೆದವರು ಮಾತ್ರ ಅದೇ ನಾಟಕಕಾರ, ಪೀಟರ್ ಶಾಫರ್.

ನಾಟಕ ಮೊದಲು ರಂಗಕ್ಕೆ ಬಂದದ್ದು 1979ರ ನವೆಂಬರ್ 2ರಂದು, ಲಂಡನ್ನಿನ ನ್ಯಾಷನಲ್ ಥಿಯೇಟರ್‌ನ ಒಲಿವಿಯರ್ ರಂಗಮಂದಿರದಲ್ಲಿ. ನಿರ್ದೇಶನ ಪೀಟರ್ ಹಾಲ್ ಅವರದು. ಸಾಲಿಯೇರಿಯಾಗಿ ಪಾಲ್ ಸ್ಕೊಫೀಲ್ಡ್, ಮೊಜಾರ್ಟ್ ಆಗಿ ಸೈಮನ್ ಕ್ಯಾಲೋ. ಮುಂದಿನ ವರ್ಷ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋಯಿತು; ಅಲ್ಲಿ ಇಯಾನ್ ಮೆಕೆಲನ್ ಮತ್ತು ಟಿಮ್ ಕರಿ. 1,181 ಪ್ರದರ್ಶನ ಕಂಡಿತು. 1981ರಲ್ಲಿ ಅತ್ಯುತ್ತಮ ನಾಟಕಕ್ಕೆ, ನಿರ್ದೇಶನಕ್ಕೆ, ಮೆಕೆಲನ್ ಅಭಿನಯಕ್ಕೆ ಟೋನಿ ಪ್ರಶಸ್ತಿಗಳು ಬಂದವು. ಅಂದರೆ 1984ರಲ್ಲಿ ಸಿನಿಮಾ ಬರುವ ಹೊತ್ತಿಗೆ ನಾಟಕ ತನ್ನ ಕಾಲ ಮೇಲೆ ನಿಂತು, ಹೆಸರು ಮಾಡಿ ಆಗಿತ್ತು. ಅಷ್ಟು ಗೆದ್ದ ನಾಟಕವನ್ನು ಬರೆದವರೇ ಬಿಚ್ಚಿ ಹಾಕಿ ಮತ್ತೆ ಕಟ್ಟಲು ಒಪ್ಪಿದರಲ್ಲ, ನನ್ನನ್ನು ಹಿಡಿದಿಟ್ಟಿರುವುದು ಆ ಧೈರ್ಯ.

ನಿರ್ದೇಶಕ ಮಿಲೋಶ್ ಫೋರ್ಮನ್ ಲಂಡನ್ನಿನ ಮೊದಲ ಪ್ರಿವ್ಯೂಗೆ ಹೋದದ್ದೇ ಮನಸ್ಸಿಲ್ಲದ ಮನಸ್ಸಿನಿಂದ. ಸಂಗೀತಗಾರರ ಜೀವನಚರಿತ್ರೆ ಅಂದರೆ ನಿದ್ದೆ ಬರಿಸುವ ಸರಕು ಎಂಬುದು ಅವರ ಅನುಭವ. ಮಧ್ಯಂತರದಲ್ಲೇ ಶಾಫರ್ ಬಳಿ ಹೋಗಿ, ಇನ್ನರ್ಧವೂ ಇಷ್ಟೇ ಚೆನ್ನಾಗಿದ್ದರೆ ಇದನ್ನು ನಾನು ಸಿನಿಮಾ ಮಾಡುತ್ತೇನೆ ಎಂದರಂತೆ. ಆ ಮಧ್ಯಂತರ ಬರುವುದು ಎಲ್ಲಿ ಗೊತ್ತೇ? ಮೊಜಾರ್ಟನ ಹಸ್ತಪ್ರತಿಗಳನ್ನು ಓದಿ ಕುಸಿದುಬಿದ್ದ ಸಾಲಿಯೇರಿ ಎದ್ದು, ದೇವರಿಗೇ ಎದುರು ನಿಂತು, ಇವತ್ತಿನಿಂದ ನಾನೂ ನೀನೂ ವೈರಿಗಳು ಎಂದು ಸಾರಿದ ಮೇಲೆ. ಆ ಜಾಗದಲ್ಲಿ ದೀಪ ಹತ್ತಿದಾಗ ಎದ್ದು ಹೋಗಿ ಕಾಫಿ ಕುಡಿಯುವುದು ಸುಲಭವಲ್ಲ.

ನಾಟಕ ನೋಡಿದವರು, ಓದಿದವರು ಇದ್ದರೆ ಬನ್ನಿ.


ತುಂಗಾತೀರ

ಒಳ್ಳೆಯ ವಿಷಯ ಎತ್ತಿದಿರಿ ಸರ್. ನಾನು ಸಿನಿಮಾ ಮಾತ್ರ ನೋಡಿದ್ದೇನೆ, ನಾಟಕ ಓದಿಲ್ಲ. ಆದರೆ ಈ ಕತೆ ಶಾಫರ್‌ಗಿಂತ ಹಳೆಯದು, ಪುಷ್ಕಿನ್ ಬರೆದಿದ್ದಾನೆ ಎಂದು ಕೇಳಿದ್ದೆ. ಹಾಗಾದರೆ ನಿಜವಾದ ರಂಗಮೂಲ ರಷ್ಯಾದಲ್ಲಿದೆ ಎನ್ನಬಹುದಲ್ಲವೇ?


ಪಿಟೀಲುಪ್ರಿಯೆ

ತುಂಗಾತೀರ ಅವರೇ, ಸಾಲಿಯೇರಿ ಮೊಜಾರ್ಟನಿಗೆ ವಿಷ ಹಾಕಿದ ಎಂಬ ವದಂತಿಯನ್ನು ಮೊದಲು ರಂಗದ ಮೇಲೆ ತಂದವನು ಪುಷ್ಕಿನ್ ಅನ್ನುವುದು ಸರಿ. ಅವನ ‘ಮೊಜಾರ್ಟ್ ಮತ್ತು ಸಾಲಿಯೇರಿ’ 1830ರದು, ಎರಡೇ ದೃಶ್ಯಗಳ ಪುಟ್ಟ ಪದ್ಯನಾಟಕ. 1832ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಪ್ರದರ್ಶನ ಕಂಡಿತು. ಮುಂದೆ ರಿಮ್‌ಸ್ಕಿ-ಕೊರ್ಸಾಕೊವ್ ಅದನ್ನೇ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಮಾಡಿದರು. 1898ರಲ್ಲಿ ಮಾಸ್ಕೋದಲ್ಲಿ ಶಲ್ಯಾಪಿನ್ ಸಾಲಿಯೇರಿಯಾಗಿ ಹಾಡಿದರು.

ಪುಷ್ಕಿನ್‌ನಲ್ಲಿ ಒಂದು ಸೊಗಸಾದ ಜಾಗ ಇದೆ. ಹೆಂಡದಂಗಡಿಯಲ್ಲಿ ಪಿಟೀಲು ಬಾರಿಸುತ್ತಿದ್ದ ಕುರುಡನೊಬ್ಬನನ್ನು ಮೊಜಾರ್ಟ್ ಕೈಹಿಡಿದು ಸಾಲಿಯೇರಿಯ ಕೋಣೆಗೆ ಕರೆತರುತ್ತಾನೆ. ಆ ಮುದುಕ ಮೊಜಾರ್ಟನದೇ ಹಾಡನ್ನು ಅಪಸ್ವರದಲ್ಲಿ ಬಾರಿಸುತ್ತಾನೆ. ಮೊಜಾರ್ಟ್ ಬಿದ್ದು ಬಿದ್ದು ನಗುತ್ತಾನೆ. ಸಾಲಿಯೇರಿಗೆ ಮೈ ಉರಿಯುತ್ತದೆ: ಇಂಥ ಕಲೆಯನ್ನು ಹಾಳು ಮಾಡುವುದನ್ನು ಕಂಡು ನಗಲು ಹೇಗೆ ಸಾಧ್ಯ? ತನ್ನ ಪ್ರತಿಭೆಯ ಭಾರವೇ ಗೊತ್ತಿಲ್ಲದ ಒಬ್ಬ, ಅದರ ಬೆಲೆ ಚೆನ್ನಾಗಿ ಗೊತ್ತಿರುವ ಇನ್ನೊಬ್ಬ. ಇಡೀ ಜಗಳ ಆ ನಗುವಿನಲ್ಲೇ ಇದೆ.

ಆದರೆ ಪುಷ್ಕಿನ್‌ನ ಸಾಲಿಯೇರಿ ಲೋಟಕ್ಕೆ ನಿಜವಾಗಿ ವಿಷ ಹಾಕುತ್ತಾನೆ. ಶಾಫರ್‌ನ ಸಾಲಿಯೇರಿ ಒಂದು ಹನಿಯನ್ನೂ ಹಾಕುವುದಿಲ್ಲ. ಕೆಲಸ ತಪ್ಪಿಸುತ್ತಾನೆ, ಶಿಷ್ಯರು ಸಿಗದಂತೆ ಮಾಡುತ್ತಾನೆ, ಚಕ್ರವರ್ತಿಯ ಕಿವಿ ಕಚ್ಚುತ್ತಾನೆ, ಹಿತೈಷಿಯ ಮುಖ ಹೊತ್ತು ಜೊತೆಗೇ ಇರುತ್ತಾನೆ. ಆಸ್ಥಾನದ ರಾಜಕೀಯವೇ ವಿಷ. ಪುಷ್ಕಿನ್ ಬೀಜ ಎನ್ನಿ, ಒಪ್ಪುತ್ತೇನೆ. ಗಿಡ ಶಾಫರ್ ಅವರದೇ.


ಧಾರವಾಡದಾಂವ

ನಾ ನಾಟಕದ ಕಡೀಂದ ಮಾತಾಡ್ತೀನ್ರಿ. 2016ರಾಗ ನ್ಯಾಷನಲ್ ಥಿಯೇಟರ್ ಇದನ್ನ ಮತ್ತ ಮಾಡಿತ್ತು, ಲೂಸಿಯನ್ ಮ್ಸಮಾಟಿ ಸಾಲಿಯೇರಿ. 2020ರ ಜುಲೈದಾಗ, ಲಾಕ್‌ಡೌನ್ ಹೊತ್ತಿನ್ಯಾಗ, ಒಂದು ವಾರ ಯೂಟ್ಯೂಬಿನ್ಯಾಗ ಪುಕ್ಕಟೆ ಹಾಕಿದ್ರು. ಅದನ್ನ ನೋಡಿದ ಮ್ಯಾಲೆ ಸಿನಿಮಾ ನನಗ ಅರ್ಧ ಅನಸ್ತದ.

ಯಾಕಂದ್ರ ನಾಟಕ ಶುರುವಾಗೋದ ನಮ್ಮನ್ನ ಒಳಗ ಎಳಕೊಂಡು. ಕತ್ತಲಿ. ಸುತ್ತಲೂ ಪಿಸುಪಿಸು. ‘ಸಾಲಿಯೇರಿ... ಸಾಲಿಯೇರಿ...’ ಅಂತ ಊರ ಮಾತಾಡ್ತದ, ಕೊಲೆಗಾರ ಅಂತದ. ಮುದುಕ ಬೆನ್ನು ಮಾಡಿ ಗಾಲಿಕುರ್ಚಿ ಮ್ಯಾಲೆ ಕೂತಿರ್ತಾನ. ಆಮ್ಯಾಲೆ ತಿರುಗಿ ನಮ್ಮನ್ನ ಕರೀತಾನ. ‘ಮುಂದಿನ ಕಾಲದ ಭೂತಗಳಿರಾ, ಬರ್ರಿ, ಕಾಣಿಸಿಕೊಳ್ರಿ’ ಅಂತ ಬೇಡ್ಕೋತಾನ, ಪ್ರೇಕ್ಷಕರ ಮ್ಯಾಲಿನ ಲೈಟು ಹತ್ತತಾವ. ಅಂವ ನಮ್ಮ ಮುಖ ನೋಡ್ತಾನ, ನಾವು ಅವನ ಮುಖ. ಅಲ್ಲಿಗೆ ನಾವ ಅವನ ಸಾಕ್ಷಿ, ನಾವ ಅವನ ನ್ಯಾಯಾಧೀಶರು.

ಇನ್ನೊಂದು ನೋಡ್ರಿ. ಮುದುಕ ಹರೇದಂವ ಆಗೋದು ಹೆಂಗ? ಕುರ್ಚಿಂದ ಏಳ್ತಾನ, ಮೈಮ್ಯಾಲಿನ ಹಳೇ ನಿಲುವಂಗಿ ತಗದ ಒಗೀತಾನ, ದನಿ ಬದಲಾಗ್ತದ. ಅಷ್ಟ! ನಲವತ್ತು ವರ್ಷ ಹಿಂದಕ್ಕ ಹೋದ್ವಿ. ಸಿನಿಮಾದಾಗ ಅದಕ್ಕ ಡಿಕ್ ಸ್ಮಿತ್ ಅಂಥ ದೊಡ್ಡ ಮೇಕಪ್ ಕಲಾವಿದ ಬೇಕಾದ್ರು, ಆಸ್ಕರೂ ಬಂತು. ಚಲೋ ಕೆಲಸ, ಇಲ್ಲ ಅನ್ನೂದಿಲ್ಲ. ಆದ್ರ ನಟ ಕಣ್ಣ ಮುಂದ ಬದಲಾಗೋದು ಬ್ಯಾರೆ.

ಸಿನಿಮಾದಾಗ ನಮ್ಮ ಜಾಗಾದಾಗ ಒಬ್ಬ ಪಾದ್ರಿನ್ನ ಕೂಡಿಸ್ಯಾರ. ಪ್ರೇಕ್ಷಕನ ಅಧಿಕಾರ ಕಸಗೊಂಡು ಅವನ ಕೈಯಾಗ ಕೊಟ್ರು. ಅದ ನನ್ನ ತಕರಾರು.


ರಂಗಶಂಖ

ಧಾರವಾಡದವರೇ, ನಿಮ್ಮ ತಕರಾರು ಗಟ್ಟಿಯಾಗಿದೆ. ಆದರೂ ಪಾದ್ರಿಯ ಪರವಾಗಿ ಒಂದು ಮಾತು.

ಸಿನಿಮಾದಲ್ಲಿ ನಟ ಕ್ಯಾಮೆರಾ ನೋಡಿ ಎರಡೂವರೆ ಗಂಟೆ ಮಾತಾಡಿದರೆ ಅದು ಭಾಷಣವಾಗುತ್ತದೆ. ಕೇಳಿಸಿಕೊಳ್ಳುವವನೊಬ್ಬ ಬೇಕು. ಶಾಫರ್ ಮತ್ತು ಫೋರ್ಮನ್ ಕನೆಕ್ಟಿಕಟ್‌ನಲ್ಲಿದ್ದ ಫೋರ್ಮನ್‌ರ ತೋಟದ ಮನೆಯಲ್ಲಿ ತಿಂಗಳುಗಟ್ಟಲೆ ಕೂತು ಚಿತ್ರಕತೆ ಬರೆದರು. ಅಲ್ಲಿ ಹುಟ್ಟಿದವನು ಈ ಪಾದ್ರಿ. ಅವನ ಮೊದಲ ದೃಶ್ಯ ನೆನಪಿಸಿಕೊಳ್ಳಿ. ಮುದಿ ಸಾಲಿಯೇರಿ ಹಾರ್ಪ್ಸಿಕಾರ್ಡ್ ಥರದ ವಾದ್ಯದ ಮುಂದೆ ಕೂತು ತನ್ನ ರಾಗವೊಂದನ್ನು ನುಡಿಸುತ್ತಾನೆ. ಪಾದ್ರಿಗೆ ಗೊತ್ತಿಲ್ಲ. ಇನ್ನೊಂದು, ಆ ಕಾಲದಲ್ಲಿ ಬಹಳ ಹೆಸರಾಗಿದ್ದದ್ದು. ಅದೂ ಗೊತ್ತಿಲ್ಲ. ಮೂರನೆಯದಕ್ಕೆ ಪಾದ್ರಿಯ ಮುಖ ಅರಳುತ್ತದೆ, ತಾನೇ ಗುನುಗತೊಡಗುತ್ತಾನೆ, ಇದು ನೀವು ಬರೆದದ್ದೆಂದು ಗೊತ್ತಿರಲಿಲ್ಲ ಎನ್ನುತ್ತಾನೆ. ಅದು ಮೊಜಾರ್ಟನದು, ‘ಐನೆ ಕ್ಲೈನೆ ನಾಖ್ಟ್‌ಮ್ಯೂಸಿಕ್’. ಸಾಲಿಯೇರಿಯ ಇಡೀ ಬಾಳಿನ ಸೋಲು ಎರಡು ನಿಮಿಷದಲ್ಲಿ, ಒಂದೂ ವಿವರಣೆಯಿಲ್ಲದೆ ಮುಗಿಯಿತು. ಆ ಪಾದ್ರಿ ನಾವೇ. ನಮಗೂ ಮೊದಲೆರಡು ಗೊತ್ತಿಲ್ಲ, ಮೂರನೆಯದು ಗೊತ್ತು. ಅಧಿಕಾರ ಕಸಿದುಕೊಳ್ಳಲಿಲ್ಲ, ನಮಗೊಂದು ವೇಷ ಕೊಟ್ಟರು ಅಂತ ನಾನು ನೋಡುತ್ತೇನೆ.


ಕಡಲತಡಿ

ನನಗೆ ಬೇಸರವಾಗುವುದು ಆ ಇಬ್ಬರು ‘ವೆಂಟಿಚೆಲ್ಲಿ’ಗಳು ಹೋದದ್ದಕ್ಕೆ. ನಾಟಕ ಓದದವರಿಗೆ: ಊರಿನ ಸುದ್ದಿಯನ್ನೆಲ್ಲ ಸಾಲಿಯೇರಿಗೆ ತಂದು ಮುಟ್ಟಿಸುವ ಜೋಡಿ ಅದು. ಒಬ್ಬನ ಮಾತು ಮುಗಿಯುವ ಮೊದಲೇ ಇನ್ನೊಬ್ಬ ಹಿಡಿದುಕೊಳ್ಳುತ್ತಾನೆ. ಮೊಜಾರ್ಟ್ ಮನೆ ಬದಲಿಸಿದ, ಸಾಲ ಮಾಡಿದ, ಒಪೆರಾ ಶುರುಮಾಡಿದ, ಮಗು ಹೋಯಿತು. ಎಲ್ಲ ಅವರ ಬಾಯಿಂದ, ಓಡುವ ಲಯದಲ್ಲಿ.

ಯಕ್ಷಗಾನ ನೋಡಿ ಬೆಳೆದವಳಿಗೆ ಸಾಲಿಯೇರಿ ಹೊಸಬನಲ್ಲ. ಭಾಗವತನೂ ಅವನೇ, ವೇಷಧಾರಿಯೂ ಅವನೇ. ಕತೆ ನಡೆಸುತ್ತಾನೆ, ಬೇಕಾದಾಗ ತಡೆಯುತ್ತಾನೆ, ಒಂದು ಹೆಜ್ಜೆ ಇಟ್ಟು ಕತೆಯ ಒಳಗೆ ಹೋಗುತ್ತಾನೆ. ವರ್ಷಗಳು ಒಂದು ಸಾಲಿನಲ್ಲಿ ಕಳೆಯುತ್ತವೆ. ಜಾನ್ ಬರಿಯವರ ಮೂಲ ರಂಗವಿನ್ಯಾಸವೂ ಇದಕ್ಕೆ ಸರಿಯಾಗಿಯೇ ಇತ್ತು. ಹಿಂಬದಿಯಲ್ಲಿ ಬೆಳಕಿನ ದೊಡ್ಡ ಚೌಕಟ್ಟು, ಮುಂದೆ ಬಹುಪಾಲು ಖಾಲಿ ನೆಲ, ಸಮವಸ್ತ್ರದ ಸೇವಕರು ನಮ್ಮ ಕಣ್ಣೆದುರೇ ಕುರ್ಚಿ ಮೇಜು ತಂದಿಟ್ಟು ಒಯ್ಯುವುದು. ಅರಮನೆ ಎಂದರೆ ಅರಮನೆ, ಬಡವನ ಕೋಣೆ ಎಂದರೆ ಕೋಣೆ.

ಸಿನಿಮಾದಲ್ಲಿ ಆ ಇಬ್ಬರ ಬದಲು ಮನೆಗೆಲಸದ ಹುಡುಗಿಯೊಬ್ಬಳು ಬರುತ್ತಾಳೆ, ಸಾಲಿಯೇರಿ ಸಂಬಳ ಕೊಟ್ಟು ಮೊಜಾರ್ಟನ ಮನೆಗೆ ಕಳಿಸಿದವಳು. ಕತೆಗೆ ಸಾಕು. ಆದರೆ ಇಡೀ ವಿಯೆನ್ನಾ ಒಂದು ಬಾಯಿಯಾಗಿ ಪಿಸುಗುಡುತ್ತಿದೆ ಎಂಬ ಭಾವ ಹೋಯಿತು. ನಾಟಕದ ಕೊನೆಯಲ್ಲೂ ಆ ಇಬ್ಬರೇ ಬಂದು ಬೀಥೋವನ್‌ನ ಸಂಭಾಷಣೆ ಪುಸ್ತಕಗಳಿಂದ (ಕಿವಿ ಕೇಳದ ಅವನ ಜೊತೆ ಮಾತಾಡಲು ಬಂದವರು ಬರೆಯುತ್ತಿದ್ದ ಪುಸ್ತಕಗಳು) ಓದಿ ಹೇಳುತ್ತಾರೆ: ಸಾಲಿಯೇರಿ ತಾನೇ ಕೊಂದೆ ಅನ್ನುತ್ತಿದ್ದಾನೆ, ಯಾರೂ ನಂಬುತ್ತಿಲ್ಲ. ಕೊಲೆಗಾರನಾಗಿಯಾದರೂ ಹೆಸರು ಉಳಿಯಲಿ ಎಂದು ಕತ್ತು ಕುಯ್ದುಕೊಂಡವನಿಗೆ ಅದೂ ದಕ್ಕುವುದಿಲ್ಲ. ಕತ್ತು ಕುಯ್ದುಕೊಳ್ಳುವುದು ನಾಟಕದ ಕೊನೆಯಲ್ಲಿದೆ. ಸಿನಿಮಾ ಅದರಿಂದಲೇ ಶುರುವಾಗುತ್ತದೆ. ಹಾಗಾಗಿ ಈ ಕೊನೆಯ ತಿರುವು ಸಿನಿಮಾದಲ್ಲಿ ಬರುವುದಕ್ಕೇ ಜಾಗವಿಲ್ಲ.


ಜಯನಗರ ಜೋಳಿಗೆ

ಸಣ್ಣ ಸೇರ್ಪಡೆ. 1979ರ ಲಂಡನ್ ಪ್ರಯೋಗದಲ್ಲಿ ಮೊಜಾರ್ಟನ ಹೆಂಡತಿ ಕಾನ್‌ಸ್ಟಾಂಜೆ ಆಗಿದ್ದವರು ಫೆಲಿಸಿಟಿ ಕೆಂಡಲ್. ನಮ್ಮ ದೇಶದಲ್ಲಿ ಬೆಳೆದ ಹುಡುಗಿ! ಅವರ ತಂದೆ ಜೆಫ್ರಿ ಕೆಂಡಲ್ ‘ಶೇಕ್ಸ್‌ಪಿಯರಾನಾ’ ಎಂಬ ನಾಟಕ ಕಂಪನಿ ಕಟ್ಟಿಕೊಂಡು ಭಾರತದ ಊರೂರು, ಶಾಲೆ ಶಾಲೆ ತಿರುಗಿದವರು. ಅಕ್ಕ ಜೆನ್ನಿಫರ್, ಶಶಿ ಕಪೂರ್ ಅವರ ಪತ್ನಿ. ಆ ಅಲೆಮಾರಿ ಕಂಪನಿಯ ಬದುಕಿನ ಎಳೆಯನ್ನೇ ಹಿಡಿದು 1965ರಲ್ಲಿ ‘ಶೇಕ್ಸ್‌ಪಿಯರ್ ವಾಲಾ’ ಬಂತು. ಫೆಲಿಸಿಟಿ ಅದರಲ್ಲಿ ನಟಿಸಿದರು, ಸಂಗೀತ ಸತ್ಯಜಿತ್ ರೇ ಅವರದು. ಮಗುವಾಗಿದ್ದಾಗಿನಿಂದ ನಮ್ಮ ಊರುಗಳಲ್ಲಿ ರಂಗ ಹತ್ತಿದ ಒಬ್ಬಾಕೆ ‘ಅಮೇಡಿಯಸ್’ನ ಮೊದಲ ಕಾನ್‌ಸ್ಟಾಂಜೆ ಎಂದು ತಿಳಿದಾಗ ನನಗೆ ಬಹಳ ಖುಷಿಯಾಗಿತ್ತು.

ಇನ್ನೊಂದು: ಮೊದಲ ಮೊಜಾರ್ಟ್ ಸೈಮನ್ ಕ್ಯಾಲೋ ಸಿನಿಮಾದಲ್ಲೂ ಇದ್ದಾರೆ, ಆದರೆ ಮೊಜಾರ್ಟನ ಒಪೆರಾ ‘ಮ್ಯಾಜಿಕ್ ಫ್ಲೂಟ್’ ಆಡಿಸುವ ಶಿಕನೇಡರ್ ಆಗಿ.


ಎಡಿಟಿಂಗ್ ಟೇಬಲ್

ಸಂಕಲನದ ಕೆಲಸ ಮಾಡುವವನ ಕಣ್ಣಿನಿಂದ ಕೆಲವು ಮಾತು.

ಶಾಫರ್ ಹಿಂದಿನ ನಾಟಕ ‘ಈಕ್ವಸ್’ 1977ರಲ್ಲಿ ಸಿನಿಮಾ ಆಗಿತ್ತು. ರಂಗದ ಮೇಲೆ ಕುದುರೆಗಳು ಅಂದರೆ ತಂತಿಯಲ್ಲಿ ಹೆಣೆದ ಕುದುರೆಮುಖ ಹೊತ್ತ ನಟರು. ಹುಡುಗ ಅವುಗಳ ಕಣ್ಣು ಚುಚ್ಚುವಾಗ ನಾವು ಕಲ್ಪಿಸಿಕೊಳ್ಳುತ್ತೇವೆ, ನಡುಗುತ್ತೇವೆ. ಸಿನಿಮಾದಲ್ಲಿ ನಿಜವಾದ ಕುದುರೆಗಳು, ನೆತ್ತರು. ಕಲ್ಪನೆಗೆ ಕೆಲಸವೇ ಉಳಿಯಲಿಲ್ಲ. ರಂಗದ ಶಕ್ತಿಯನ್ನು ಹಾಗೇ ಎತ್ತಿ ತೆರೆಗೆ ತಂದರೆ ಒಡೆದುಹೋಗುತ್ತದೆ ಎಂಬ ಪಾಠ ಅಲ್ಲಿತ್ತು. ‘ಅಮೇಡಿಯಸ್’ನಲ್ಲಿ ಅವರು ಎತ್ತಿ ತರಲಿಲ್ಲ, ಬೇರೆ ಕಟ್ಟಿದರು. (ಸಿನಿಮಾದ ಮೊಜಾರ್ಟ್ ಟಾಮ್ ಹಲ್ಸ್ ಬ್ರಾಡ್‌ವೇನಲ್ಲಿ ‘ಈಕ್ವಸ್’ನ ಆ ಹುಡುಗನ ಪಾತ್ರ ಮಾಡಿದ್ದವರು.)

ಕಟ್ಟುವಾಗ ಮಾಡಿದ ಅತಿ ದೊಡ್ಡ ಬದಲಾವಣೆ ಬಹಳ ಜನರ ಗಮನಕ್ಕೆ ಬರುವುದಿಲ್ಲ. ನಾಟಕದ ಎರಡನೇ ಅಂಕದಲ್ಲಿ ಮೊಜಾರ್ಟನನ್ನು ಮುಳುಗಿಸುವುದು ಫ್ರೀಮೇಸನ್ನರು ಎಂಬ ಗುಟ್ಟಿನ ಕೂಟದವರ ಸಿಟ್ಟು. ‘ಮ್ಯಾಜಿಕ್ ಫ್ಲೂಟ್’ನಲ್ಲಿ ಅವರ ಗುಟ್ಟಿನ ವಿಧಿಗಳನ್ನು ಹಾಕು ಎಂದು ಸಾಲಿಯೇರಿಯೇ ಅವನ ಕಿವಿಯಲ್ಲಿ ಊದುತ್ತಾನೆ, ಆಮೇಲೆ ಅಷ್ಟು ದಿನ ಕೈಹಿಡಿದಿದ್ದವರೂ ಕೈಬಿಡುತ್ತಾರೆ. ಸಿನಿಮಾದಲ್ಲಿ ಮೇಸನ್ನರು ಇಲ್ಲವೇ ಇಲ್ಲ. ಆ ಜಾಗಕ್ಕೆ ಬಂದವನು ಅಪ್ಪ. ನಾಟಕದಲ್ಲಿ ಲಿಯೋಪೋಲ್ಡ್ ಮೊಜಾರ್ಟ್ ಒಮ್ಮೆಯೂ ರಂಗದ ಮೇಲೆ ಬರುವುದಿಲ್ಲ, ಅವನ ಸುದ್ದಿ ಮಾತ್ರ ಬರುತ್ತದೆ. ಸಿನಿಮಾದಲ್ಲಿ ಅವನು ಬರುತ್ತಾನೆ, ಕಪ್ಪು ಮುಖವಾಡ ಹಾಕಿ ಮೋಜಿನ ಕೂಟದಲ್ಲಿ ಕೂರುತ್ತಾನೆ, ಸಾಯುತ್ತಾನೆ. ಸತ್ತ ಮೇಲೆ ಅದೇ ಥರದ ಮುಖವಾಡ ಹಾಕಿಕೊಂಡು ಸಾಲಿಯೇರಿ ಬಾಗಿಲು ತಟ್ಟಿ ರೆಕ್ವಿಯಮ್ ಬರೆಯಲು ಹೇಳುತ್ತಾನೆ. ಮೇಸನ್ನರ ರಾಜಕೀಯವನ್ನು ತೆರೆಯ ಮೇಲೆ ವಿವರಿಸಲು ಹತ್ತು ನಿಮಿಷ ಮಾತು ಬೇಕು. ಮುಖವಾಡಕ್ಕೆ ಒಂದು ಶಾಟ್ ಸಾಕು.

ಇನ್ನು ಸಂಗೀತ. ರಂಗದ ಮೇಲೆ ಮೊಜಾರ್ಟನ ಸಂಗೀತ ಸಾಲಿಯೇರಿಯ ನೆನಪಿನೊಳಗಿಂದ ಬರುತ್ತದೆ, ತುಣುಕು ತುಣುಕಾಗಿ. ಸಿನಿಮಾಕ್ಕೆ ನೆವಿಲ್ ಮ್ಯಾರಿನರ್ ತಮ್ಮ ‘ಅಕಾಡೆಮಿ ಆಫ್ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್’ ಜೊತೆ ನುಡಿಸಿದರು. ಮೊಜಾರ್ಟನ ಒಂದು ಸ್ವರವನ್ನೂ ಬದಲಿಸಕೂಡದು ಎಂಬುದು ಅವರ ಷರತ್ತು. ಸಂಗೀತಕ್ಕೆ ಅಷ್ಟು ಜಾಗ ಕೊಟ್ಟದ್ದರಿಂದಲೇ ರಂಗಶಂಖ ಹೇಳಿದ ಆ ದೃಶ್ಯ ಸಾಧ್ಯವಾಯಿತು. ರೆಕ್ವಿಯಮ್‌ನ ‘ಕನ್‌ಫ್ಯೂಟಾಟಿಸ್’ ಭಾಗ. ಮೊದಲು ಗಂಡಸರ ಕೆಳದನಿ, ಅದು ಮಾತ್ರ ಕೇಳುತ್ತದೆ. ಅದರ ಜೊತೆಗೆ ಟ್ರೊಂಬೋನ್. ಆಮೇಲೆ ಟ್ರಂಪೆಟ್, ನಗಾರಿ. ಇಲ್ಲಿ ಸಾಲಿಯೇರಿ ತಡಬಡಾಯಿಸುತ್ತಾನೆ, ತುಂಬಾ ಬೇಗ ಹೋಗುತ್ತಿದ್ದೀಯ ಎನ್ನುತ್ತಾನೆ. ತಟ್ಟನೆ ಹೊಳೆಯುತ್ತದೆ, ಮುಖ ಬೆಳಗುತ್ತದೆ. ಕೆಳಗಡೆ ತಂತಿವಾದ್ಯಗಳೆಲ್ಲ ಒಟ್ಟಿಗೆ ಬೆಂಕಿಯ ಹಾಗೆ. ಕೊನೆಗೆ ಹೆಂಗಸರ ಮೆಲ್ಲನೆಯ ದನಿ. ಒಂದೊಂದು ಪದರ ಬೇರೆ ಬೇರೆ ಕೇಳಿಸಿ, ಆಮೇಲೆ ಎಲ್ಲ ಒಂದಾಗಿ ಎದ್ದು ಬರುವುದನ್ನು ಕೇಳಿ. ಸಂಗೀತ ಓದಲು ಬಾರದವನಿಗೂ ಒಂದು ಕೃತಿ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದು ಅರ್ಥವಾಗುತ್ತದೆ. ಧ್ವನಿಮುದ್ರಣ ಮತ್ತು ಕತ್ತರಿ ಎರಡೂ ಕೈಯಲ್ಲಿದ್ದರಷ್ಟೇ ಆಗುವ ಕೆಲಸ ಅದು.


ಧಾರವಾಡದಾಂವ

ಟೇಬಲ್ ಸರ್, ದೃಶ್ಯ ದೊಡ್ಡದ ಐತಿ, ಮಾತಿಲ್ಲ. ಆದ್ರ ಒಂದು ಕೇಳ್ತೀನಿ. ಆ ದೃಶ್ಯದಾಗ ಸಾಲಿಯೇರಿ ಮ್ಯಾಲೆ ನಮಗ ಪ್ರೀತಿ ಬಂದುಬಿಡ್ತದ. ಸಾಯೋ ಮೊಜಾರ್ಟ ಅವನ ಕ್ಷಮಾ ಕೇಳ್ತಾನ, ನೀವು ನನ್ನ ಕೆಲಸಕ್ಕ ಬೆಲೆ ಕೊಡೂದಿಲ್ಲ ಅಂದ್ಕೊಂಡಿದ್ದೆ ಅಂತ. ನಾಟಕದಾಗ ಇಂಥ ಸಮಾಧಾನ ಇಲ್ಲ. ಮುಖವಾಡ ಹಾಕ್ಕೊಂಡು ರಾತ್ರಿ ರಾತ್ರಿ ಕಿಟಕಿ ಕೆಳಗ ನಿಂದ್ರತಾನ, ಬೆರಳು ಎಣಿಸಿ ಎಷ್ಟು ದಿನ ಉಳದಾವು ತೋರಸ್ತಾನ. ಕಡೀಕೆ ಒಳಗ ಬಂದು ರೆಕ್ವಿಯಮ್ ಹಾಳಿದ ಒಂದು ಮೂಲಿ ಹರದು ನಾಲಿಗಿ ಮ್ಯಾಲೆ ಇಟ್ಟು ತಿಂತಾನ, ಚರ್ಚಿನ್ಯಾಗ ಪ್ರಸಾದ ತಗೊಂಡಂಗ. ನಾವಿಬ್ಬರೂ ಒಬ್ಬರಿಂದೊಬ್ಬರು ವಿಷ ಉಂಡವರು ಅಂತಾನ. ಮೊಜಾರ್ಟ್ ಕೂಸಾಗಿ ಟೇಬಲ್ ಕೆಳಗ ಹೋಗಿ ಕೂಡ್ತಾನ. ಮೈ ಜುಂ ಅಂತದ. ಸಿನಿಮಾ ಆ ಕ್ರೌರ್ಯದಿಂದ ಹಿಂದ ಸರೀತು.


ಪಿಟೀಲುಪ್ರಿಯೆ

ಹಿಂದೆ ಸರಿಯಲಿಲ್ಲ, ಇನ್ನೊಂದು ಕ್ರೌರ್ಯ ಹುಡುಕಿತು ಎಂದೇ ನನಗನ್ನಿಸುವುದು. ಆ ರಾತ್ರಿ ಸಾಲಿಯೇರಿಗೆ ಸಿಕ್ಕಿದ್ದು ಏನು? ಜೀವಮಾನವೆಲ್ಲ ಬೇಡಿದ್ದು: ದೈವಿಕ ಸಂಗೀತ ತನ್ನ ಕೈಯಿಂದ ಕಾಗದಕ್ಕೆ ಇಳಿಯುವುದು. ಇಳಿಯಿತು. ಆದರೆ ಗುಮಾಸ್ತನಾಗಿ. ಪ್ರತಿ ಸ್ವರ ಅರ್ಥವಾಗುತ್ತದೆ, ಒಂದೂ ತನ್ನದಲ್ಲ. ಬೆಳಿಗ್ಗೆ ಕಾನ್‌ಸ್ಟಾಂಜೆ ಬಂದು ಹಾಳೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾಳೆ. ಕದಿಯಲೂ ಆಗಲಿಲ್ಲ. ಕಾಗದ ತಿನ್ನುವುದಕ್ಕಿಂತ ಇದು ಘೋರ ಅನ್ನಿಸುತ್ತದೆ ನನಗೆ.

ಕಾನ್‌ಸ್ಟಾಂಜೆ ವಿಷಯ ಬಂದದ್ದರಿಂದ ಹೇಳುತ್ತೇನೆ. ನಾಟಕದಲ್ಲಿ ಅವಳು ಗಂಡನ ಹಸ್ತಪ್ರತಿ ಹಿಡಿದು ಸಹಾಯ ಕೇಳಲು ಹೋದಾಗ ಸಾಲಿಯೇರಿ ಅದಕ್ಕೆ ಬೆಲೆಯಾಗಿ ಅವಳನ್ನೇ ಕೇಳುತ್ತಾನೆ. 1984ರ ಸಿನಿಮಾದಲ್ಲಿ ಅದನ್ನು ಕತ್ತರಿಸಿದ್ದರು. ಹಾಗಾಗಿ ಕೊನೆಯಲ್ಲಿ ಅವಳು ಸಾಲಿಯೇರಿಯನ್ನು ಕಂಡು ಅಷ್ಟು ಕಠಿಣವಾಗಿ ಮನೆ ಬಿಟ್ಟು ಹೋಗಿ ಅನ್ನುವುದು ಯಾಕೆಂದು ಬಹಳ ಜನಕ್ಕೆ ತಿಳಿಯುತ್ತಿರಲಿಲ್ಲ. 2002ರಲ್ಲಿ ಬಂದ ನಿರ್ದೇಶಕರ ಆವೃತ್ತಿಯಲ್ಲಿ ಆ ದೃಶ್ಯ ಮರಳಿ ಬಂತು. ನೋಡಲು ಹಿಂಸೆಯಾಗುತ್ತದೆ, ನಿಜ. ಆದರೆ ಅದು ಇದ್ದರೇ ಆ ಹೆಣ್ಣಿನ ಸಿಟ್ಟಿಗೆ ಅರ್ಥ, ಸಾಲಿಯೇರಿಗೆ ನಾವು ಕೊಡುವ ಅನುಕಂಪಕ್ಕೆ ಲಗಾಮು. ಉದ್ದವಾದರೂ ಪರವಾಗಿಲ್ಲ, ನನ್ನ ಮತ ಆ ಆವೃತ್ತಿಗೆ.


ಸತ್ಯವ್ರತ

ಕಲೆ, ನಾಟಕ ಎಲ್ಲ ಸರಿ. ಒಬ್ಬ ನಿಜವಾದ ಮನುಷ್ಯನ ಹೆಸರು ಕೆಡಿಸಿದ್ದರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಸಾಲಿಯೇರಿ ಬೀಥೋವನ್, ಶೂಬರ್ಟ್, ಲಿಸ್ಟ್‌ಗೆ ಪಾಠ ಹೇಳಿದ ಗುರು. ಮೊಜಾರ್ಟ್ ಸತ್ತ ಮೇಲೆ ಅವನ ಮಗ ಫ್ರಾನ್ಸ್ ಕ್ಸೇವರ್‌ಗೂ ಕಲಿಸಿದ. ಸಿನಿಮಾ ಅವನನ್ನು ಬ್ರಹ್ಮಚಾರಿ ಮಾಡಿದೆ. ನಿಜದಲ್ಲಿ ಮದುವೆಯಾಗಿ ಎಂಟು ಮಕ್ಕಳ ತಂದೆ. 1785ರಲ್ಲಿ ಗಾಯಕಿ ನ್ಯಾನ್ಸಿ ಸ್ಟೊರೇಸ್ ಚೇತರಿಸಿಕೊಂಡ ಸಂತೋಷಕ್ಕೆ ಇಬ್ಬರೂ ಸೇರಿ ಒಂದು ಕೃತಿ ರಚಿಸಿದ್ದರು. ಕಳೆದುಹೋಗಿದೆ ಎಂದುಕೊಂಡಿದ್ದ ಅದರ ಪ್ರತಿ ಪ್ರಾಗ್‌ನಲ್ಲಿ ಸಿಕ್ಕಿ 2016ರಲ್ಲಿ ನುಡಿಸಲಾಯಿತು. ಸಾಯುವ ಎರಡು ತಿಂಗಳ ಹಿಂದೆ, 1791ರ ಅಕ್ಟೋಬರ್ 14ರಂದು, ಮೊಜಾರ್ಟ್ ಹೆಂಡತಿಗೆ ಬರೆದ ಪತ್ರದಲ್ಲಿ ಸಾಲಿಯೇರಿಯನ್ನು ‘ಮ್ಯಾಜಿಕ್ ಫ್ಲೂಟ್’ಗೆ ಕರೆದೊಯ್ದದ್ದು, ಅವನು ಪ್ರತಿ ಭಾಗಕ್ಕೂ ಭೇಷ್ ಎಂದದ್ದು ಇದೆ. ರೆಕ್ವಿಯಮ್ ಬರೆಸಿದ್ದು ಕೌಂಟ್ ವಾಲ್ಸೆಗ್, ತೀರಿಕೊಂಡ ಹೆಂಡತಿಯ ನೆನಪಿಗೆ. ಪೂರ್ತಿ ಮಾಡಿದ್ದು ಶಿಷ್ಯ ಸ್ಯುಸ್‌ಮಾಯರ್. ಜಗತ್ತಿನ ಅರ್ಧ ಜನ ಇವತ್ತು ಸಾಲಿಯೇರಿ ಎಂದರೆ ಹೊಟ್ಟೆಕಿಚ್ಚಿನ ಕೊಲೆಗಾರ ಎಂದುಕೊಂಡಿದ್ದಾರೆ. ಇದು ಅನ್ಯಾಯವಲ್ಲವೇ?


ರಂಗಶಂಖ

ಸತ್ಯವ್ರತ ಅವರೇ, ನೀವು ಬರೆದ ಪ್ರತಿಯೊಂದು ಸಂಗತಿಯೂ ನಿಜ, ಸಿನಿಮಾ ನೋಡಿದವರೆಲ್ಲ ಓದಬೇಕಾದದ್ದು. ಅನ್ಯಾಯ ಎಂಬುದನ್ನೂ ಒಪ್ಪುತ್ತೇನೆ. ಇಲ್ಲೂ ನಾಟಕಕ್ಕೂ ಸಿನಿಮಾಕ್ಕೂ ಒಂದು ವ್ಯತ್ಯಾಸ ಇದೆ, ಅದನ್ನು ಗಮನಿಸಿ.

ನಾಟಕದಲ್ಲಿ ಎಲ್ಲವೂ 1823ರ ಒಂದು ರಾತ್ರಿ ಮುದುಕನೊಬ್ಬ ಕಟ್ಟಿ ಹೇಳುವ ಕತೆ. ಖಾಲಿ ನೆಲದ ಮೇಲೆ ಅವನು ಕರೆದರೆ ಪಾತ್ರ ಬರುತ್ತದೆ, ಸಾಕೆಂದರೆ ನಿಲ್ಲುತ್ತದೆ. ಇವನ ಮಾತು ಎಷ್ಟು ನಂಬಬೇಕು ಎಂಬ ಸಂಶಯ ಪ್ರೇಕ್ಷಕನ ತಲೆಯಲ್ಲಿ ಇದ್ದೇ ಇರುತ್ತದೆ. ಸಿನಿಮಾದಲ್ಲಿ ಪ್ರಾಗ್‌ನ ನಿಜವಾದ ಬೀದಿಗಳು, ಮೇಣದಬತ್ತಿ ಉರಿಯುವ ನಿಜವಾದ ರಂಗಮಂದಿರ. 1787ರ ಅಕ್ಟೋಬರ್ 29ರಂದು ‘ಡಾನ್ ಜಿಯೊವಾನಿ’ ಮೊದಲು ಪ್ರದರ್ಶನವಾದ ರಂಗಮಂದಿರದಲ್ಲೇ ಆ ಒಪೆರಾದ ದೃಶ್ಯ ಚಿತ್ರಿಸಿದರು. ಕಣ್ಣಿಗೆ ಅಷ್ಟು ಖಚಿತವಾಗಿ ಕಂಡದ್ದನ್ನು ಮನಸ್ಸು ಇತಿಹಾಸ ಎಂದೇ ಇಟ್ಟುಕೊಳ್ಳುತ್ತದೆ. ಸಾಲಿಯೇರಿಯ ಹೆಸರಿಗೆ ನಾಟಕಕ್ಕಿಂತ ಹೆಚ್ಚು ಪೆಟ್ಟು ಕೊಟ್ಟದ್ದು ಸಿನಿಮಾ, ಮತ್ತು ಅದಕ್ಕೆ ಕಾರಣ ಅದರ ಕಸುಬುಗಾರಿಕೆಯೇ.


ಕಡಲತಡಿ

ಮೊಜಾರ್ಟನ ಪೋಲಿ ಮಾತುಗಳೂ ಕಟ್ಟುಕತೆ ಎಂದುಕೊಂಡವರಿದ್ದಾರೆ. ಅವು ಮಾತ್ರ ದಾಖಲೆಯಲ್ಲಿವೆ. ಚಿಕ್ಕಪ್ಪನ ಮಗಳಿಗೆ 1777-78ರ ಸುಮಾರಿಗೆ ಬರೆದ ಪತ್ರಗಳ ತುಂಬ ಅವೇ. ನಾಟಕ ನೋಡಿದ ಪ್ರಧಾನಿ ಮಾರ್ಗರೆಟ್ ಥ್ಯಾಚರ್, ಅಂಥ ಸೊಗಸಾದ ಸಂಗೀತ ಬರೆದವನು ಹೀಗೆ ಮಾತಾಡಿರಲು ಸಾಧ್ಯವೇ ಇಲ್ಲ ಎಂದು ಪೀಟರ್ ಹಾಲ್ ಅವರನ್ನು ತರಾಟೆಗೆ ತೆಗೆದುಕೊಂಡರಂತೆ. ಪತ್ರಗಳ ಪ್ರತಿಯನ್ನೇ ಕಳಿಸಿಕೊಟ್ಟೆ ಎಂದು ಹಾಲ್ ಅವರೇ ಹೇಳಿಕೊಂಡಿದ್ದಾರೆ. ಆ ಕಿರುಚು ನಗು ಕೂಡ ಹಲ್ಸ್ ಸೇರಿಸಿಕೊಂಡದ್ದಲ್ಲ. ಮಗುವಿನಂಥ, ಚುಚ್ಚುವ ನಗು ಎಂದು ನಾಟಕದ ರಂಗಸೂಚನೆಯಲ್ಲೇ ಇದೆ.


ಜಯನಗರ ಜೋಳಿಗೆ

ರಂಗಭೂಮಿಯ ಕೊಂಡಿ ಇನ್ನೊಂದಿದೆ. ಸಿನಿಮಾಕ್ಕೆ 11 ನಾಮನಿರ್ದೇಶನ, 8 ಆಸ್ಕರ್. ಸಾಲಿಯೇರಿಯಾದ ಎಫ್. ಮರ್ರೆ ಏಬ್ರಹಾಂ ಮತ್ತು ಟಾಮ್ ಹಲ್ಸ್ ಇಬ್ಬರೂ ಒಂದೇ ಪ್ರಶಸ್ತಿಗೆ ಎದುರಾಳಿಗಳು, ಗೆದ್ದದ್ದು ಸಾಲಿಯೇರಿ. 1985ರ ಆ ಸಮಾರಂಭದಲ್ಲಿ ಅತ್ಯುತ್ತಮ ಚಿತ್ರ ಘೋಷಿಸಲು ಬಂದವರು ಲಾರೆನ್ಸ್ ಒಲಿವಿಯರ್, ಅಂದರೆ ಈ ನಾಟಕ ಮೊದಲು ಆಡಿದ ರಂಗಮಂದಿರಕ್ಕೆ ಯಾರ ಹೆಸರಿದೆಯೋ ಅವರೇ. ನಾಮನಿರ್ದೇಶನಗೊಂಡ ಚಿತ್ರಗಳ ಹೆಸರು ಓದುವುದನ್ನೂ ಬಿಟ್ಟು ನೇರ ಲಕೋಟೆ ತೆರೆದು ‘ಅಮೇಡಿಯಸ್’ ಎಂದುಬಿಟ್ಟರು.


ತುಂಗಾತೀರ

ಇಷ್ಟೆಲ್ಲ ಓದಿದ ಮೇಲೆ ನಾಟಕ ಓದಲೇಬೇಕು ಅನ್ನಿಸಿದೆ. ಯಾವ ಪ್ರತಿ ತೆಗೆದುಕೊಳ್ಳಲಿ? ಹುಡುಕಿದರೆ ಬೇರೆ ಬೇರೆ ವರ್ಷದವು ಕಾಣುತ್ತಿವೆ.


ರಂಗಶಂಖ

ವ್ಯತ್ಯಾಸ ಇದೆ, ನೋಡಿ ತೆಗೆದುಕೊಳ್ಳಿ. 1980ರದು ಲಂಡನ್ ಪ್ರಯೋಗದ ಪಠ್ಯ. ಅದು ಶಾಫರ್‌ಗೆ ತೃಪ್ತಿ ಕೊಡಲಿಲ್ಲ: ಎರಡನೇ ಅಂಕದಲ್ಲಿ ಸಾಲಿಯೇರಿ ಮೊಜಾರ್ಟನ ಮನೆ ಸುತ್ತ ಸುಳಿದಾಡುವುದೇ ಆಯಿತು, ಅವನ ನಾಶದಲ್ಲಿ ಕೈಹಾಕುವುದು ಕಡಿಮೆಯಾಯಿತು ಎಂದು ಅವರಿಗೇ ಅನ್ನಿಸಿತ್ತು. ಬ್ರಾಡ್‌ವೇಗೆ ತಿದ್ದಿ ಬರೆದರು. 1981ರ ಪಠ್ಯ ಆ ತಿದ್ದಿದ್ದು. ಮುನ್ನುಡಿಯಲ್ಲಿ ಯಾಕೆ ತಿದ್ದಿದೆ ಎಂದು ಅವರೇ ಬರೆದಿದ್ದಾರೆ. ಧಾರವಾಡದವರು ವರ್ಣಿಸಿದ ಬೆರಳೆಣಿಕೆ, ಕಾಗದ ತಿನ್ನುವುದು ಅದರಲ್ಲಿವೆ. 1998ರಲ್ಲಿ ಪೀಟರ್ ಹಾಲ್ ಮತ್ತೆ ರಂಗಕ್ಕೆ ತಂದಾಗ (ಡೇವಿಡ್ ಸೂಷೆ, ಮೈಕಲ್ ಶೀನ್) ಕೊನೆಯ ಮುಖಾಮುಖಿಯನ್ನು ಶಾಫರ್ ಮತ್ತೊಮ್ಮೆ ಬರೆದರು. ಸಿನಿಮಾದ ಆ ಬರೆದುಕೊಳ್ಳುವ ದೃಶ್ಯವನ್ನೂ ಇದೇ ಸಾಲಿನಲ್ಲಿಟ್ಟು ನೋಡಿದರೆ, ಅದೊಂದೇ ಭೇಟಿಯನ್ನು ಎರಡು ದಶಕ ಕಾಲ ಅವರು ಬರೆಯುತ್ತಲೇ ಇದ್ದರು.

ಮೊದಲ ಓದಿಗೆ 1981ರದೇ ಇರಲಿ. ಓದುವಾಗ ಮೊದಲ ಅಂಕದಲ್ಲಿ ಬ್ಯಾರನೆಸ್ ಮನೆಯ ಗ್ರಂಥಾಲಯದ ದೃಶ್ಯಕ್ಕೆ ಬಂದಾಗ ನಿಲ್ಲಿಸಿ, ಮೊಜಾರ್ಟನ ಹದಿಮೂರು ವಾದ್ಯಗಳ ಸೆರೆನೇಡ್ (ಅವನ ಕೃತಿಪಟ್ಟಿಯಲ್ಲಿ ಕೆ. 361), ಅದರ ನಿಧಾನಗತಿಯ ಅಡಾಜಿಯೊ ಭಾಗ ಒಮ್ಮೆ ಕೇಳಿ. ಆಮೇಲೆ ಸಾಲಿಯೇರಿಯ ಮಾತು ಓದಿ.


ಧಾರವಾಡದಾಂವ

ತುಂಗಾತೀರ ಅವರ, ಓದಿದ ಮ್ಯಾಲೆ ಇಲ್ಲೇ ಬಂದು ಬರೀರಿ. ಪಾದ್ರಿ ಬೇಕೋ ಬ್ಯಾಡೋ ಅನ್ನೋದು ನಂದೂ ರಂಗಶಂಖ ಅವರದೂ ಇನ್ನ ತೀರ್ಮಾನ ಆಗಿಲ್ಲ.